ವಿಶ್ವವಿದ್ಯಾಲಯದಲ್ಲಿ ನ್ಯಾಯ ಮತ್ತು ಅನುಕಂಪ

ಒಂದು ವಿಶ್ವವಿದ್ಯಾಲಯ ಚೆನ್ನಾಗಿ ನಡೆಯುತ್ತಿದೆ ಎಂದು ನಾವು ಯಾವಾಗ ಹೇಳುತ್ತೇವೆ? ಪರೀಕ್ಷೆಯ ಫಲಿತಾಂಶ ಚೆನ್ನಾಗಿ ಬಂದಾಗ, ಅಧ್ಯಾಪಕರ ಸಂಶೋಧನೆಗೆ ಮನ್ನಣೆ ಸಿಕ್ಕಾಗ, ಅಲ್ಲಿ ಓದಿ ಹೊರಬಂದವರಿಗೆ ಉದ್ಯೋಗ ದೊರೆತಾಗ, ಗ್ರಂಥಾಲಯ ಮತ್ತು ಪ್ರಯೋಗಾಲಯಗಳು ಸುಸಜ್ಜಿತವಾಗಿದ್ದಾಗ. ಇವೆಲ್ಲ ಸರಿಯಾದ ಉತ್ತರಗಳೇ. ಆದರೆ ಇನ್ನೊಂದು ಅಂಶವಿದೆ. 1994ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನಿಮ್ಮ ಕಾಲೇಜಿನಲ್ಲಿ ಎಲ್ಲರೂ ‘ನ್ಯಾಕ್’ ಎಂದು ಕರೆಯುವ ಸಂಸ್ಥೆ, ಹಲವು ವರ್ಷಗಳ ಕಾಲ ಏಳು ಮಾನದಂಡಗಳಿಂದ ಕಾಲೇಜು, ವಿಶ್ವವಿದ್ಯಾಲಯಗಳನ್ನು ಅಳೆಯಿತು. ಅವುಗಳಲ್ಲಿ ಆರನೆಯದು ‘ಆಡಳಿತ, ನಾಯಕತ್ವ ಮತ್ತು ನಿರ್ವಹಣೆ’. ಪಾಠಕ್ಕೆ, ಸಂಶೋಧನೆಗೆ, ಕಟ್ಟಡಕ್ಕೆ ಅಂಕ ಕೊಡುವುದು ಅರ್ಥವಾಗುತ್ತದೆ. ನಾಯಕತ್ವಕ್ಕೆ ಏಕೆ ಅಂಕ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಬೆಂಗಳೂರಿನ ಒಂದು ಹಳೆಯ ಸಂಸ್ಥೆಗೆ ಹೋಗೋಣ. ಅಲ್ಲಿಂದ ಅಮೆರಿಕದ ಒಂದು ಪ್ರಯೋಗಾಲಯಕ್ಕೆ ಹೋಗಿ, ಕೊನೆಗೆ ನಮ್ಮದೇ ಕಾಲೇಜಿನ ಸಿಬ್ಬಂದಿ ಕೊಠಡಿಗೆ ಬರೋಣ. ಅದಕ್ಕೂ ಮೊದಲು ಎರಡು ಪದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.

ಅನುಕಂಪ ಎಂದರೇನು, ನ್ಯಾಯ ಎಂದರೇನು?

‘ಅನುಕಂಪ’ ಎಂಬ ಪದವನ್ನು ಬಿಡಿಸಿ ನೋಡಿ. ‘ಅನು’ ಎಂದರೆ ಜೊತೆಗೆ, ಹಿಂದೆಯೇ. ‘ಕಂಪ’ ಎಂದರೆ ನಡುಕ. ಇನ್ನೊಬ್ಬನ ಎದೆ ನಡುಗಿದಾಗ ಅದರೊಡನೆ ನಮ್ಮ ಎದೆಯೂ ನಡುಗುವುದು ಅನುಕಂಪ. ಇದು ಮರುಕವಲ್ಲ. ಮರುಕದಲ್ಲಿ ನಾವು ಮೇಲಿದ್ದೇವೆ, ಅವನು ಕೆಳಗಿದ್ದಾನೆ ಎಂಬ ಭಾವ ಸುಳಿಯಬಹುದು. ಅನುಕಂಪದಲ್ಲಿ ನಾವು ಅವನು ನಿಂತ ಜಾಗದಲ್ಲಿ ನಿಂತು ನೋಡುತ್ತೇವೆ. ಆದ್ದರಿಂದ ಅನುಕಂಪವುಳ್ಳ ನಾಯಕ ಎಂದರೆ ಮೆದು ಮಾತಿನವನು ಅಥವಾ ಕೇಳಿದ್ದನ್ನೆಲ್ಲ ಕೊಡುವವನು ಎಂದಲ್ಲ. ತಾನು ತೆಗೆದುಕೊಳ್ಳುವ ತೀರ್ಮಾನ ಇನ್ನೊಬ್ಬರ ಬದುಕಿನ ಮೇಲೆ ಹೇಗೆ ಬೀಳುತ್ತದೆ ಎಂಬುದನ್ನು ಅವರ ಕಡೆಯಿಂದ ತಿಳಿದುಕೊಳ್ಳುವವನು.

ನ್ಯಾಯವನ್ನು ವಿವರಿಸಲು ನಮ್ಮ ಊಟದ ಮನೆಯ ಒಂದು ಮಾತೇ ಸಾಕು. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ, ಇನ್ನೊಬ್ಬರ ಎಲೆಗೆ ಬರಿ ಸಾರು ಬಿದ್ದರೆ ಅದನ್ನು ‘ಪಂಕ್ತಿಭೇದ’ ಎನ್ನುತ್ತೇವೆ. ಹೊಟ್ಟೆ ತುಂಬಿದರೂ ಮನಸ್ಸು ತುಂಬುವುದಿಲ್ಲ. ಕೆಲಸದ ಜಾಗದಲ್ಲೂ ಹಾಗೆಯೇ. ಸಂಬಳ, ಸೌಲಭ್ಯ, ಅವಕಾಶ, ಗೌರವ ಇವು ಅಲ್ಲಿನ ಎಲೆಗೆ ಬೀಳುವ ಪದಾರ್ಥಗಳು.

ಬೆಂಗಳೂರಿನ ಮೂರು ಪ್ರಸಂಗಗಳು

1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿಯಲ್ಲಿ ಬಿ.ಎಸ್ಸಿ. ಪದವಿಯನ್ನು ಮೊದಲ ಸ್ಥಾನದಲ್ಲಿ ಮುಗಿಸಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ಅರ್ಜಿ ಹಾಕಿದರು. ನಮ್ಮ ಜನ ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ ಸಂಸ್ಥೆ ಅದು. ಆಗ ಅದರ ನಿರ್ದೇಶಕರು ನೊಬೆಲ್ ಪ್ರಶಸ್ತಿ ವಿಜೇತ ಸರ್ ಸಿ.ವಿ. ರಾಮನ್. ಕಮಲಾ ಅವರ ಅರ್ಜಿ ತಿರಸ್ಕೃತವಾಯಿತು. ಅಂಕಗಳು ಕಡಿಮೆಯಿದ್ದವೆಂದಲ್ಲ, ಅರ್ಜಿದಾರರು ಹೆಣ್ಣು ಎಂಬ ಕಾರಣಕ್ಕೆ. ಕಮಲಾ ಬೆಂಗಳೂರಿಗೇ ಬಂದು ಪಟ್ಟು ಹಿಡಿದರು. ಕೊನೆಗೆ ಪ್ರವೇಶ ಸಿಕ್ಕಿತು, ಆದರೆ ಷರತ್ತುಗಳೊಡನೆ. ಮೊದಲ ಒಂದು ವರ್ಷ ಅವರು ಪರೀಕ್ಷಾರ್ಥವಾಗಿ ಇರಬೇಕು. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣವನ್ನು ಕೆಡಿಸಬಾರದು. ಜೊತೆಯ ಹುಡುಗರಿಗೆ ಇಂಥ ಷರತ್ತುಗಳಿರಲಿಲ್ಲ.

ಕಮಲಾ ಅವರ ಮಾರ್ಗದರ್ಶಕರು ಎಂ. ಶ್ರೀನಿವಾಸಯ್ಯನವರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಮೇಲೆ ಕೆಲಸ ಮಾಡಿದರು. ಪೌಷ್ಟಿಕ ಆಹಾರದ ಕೊರತೆಯಿದ್ದ ದೇಶಕ್ಕೆ ಬೇಕಾಗಿದ್ದ ಸಂಶೋಧನೆ ಅದು. ಅವರ ಕೆಲಸ ನೋಡಿದ ಮೇಲೆ ರಾಮನ್ ಅವರ ಅಭಿಪ್ರಾಯವೂ ಬದಲಾಯಿತು. ಮುಂದೆ ಅವರದೇ ವಿಭಾಗದಲ್ಲಿ ಮಹಿಳೆಯರು ಸಂಶೋಧನೆ ಮಾಡಿದರು. ಕಮಲಾ ಕೇಂಬ್ರಿಡ್ಜಿಗೆ ಹೋಗಿ 1939ರಲ್ಲಿ ಪಿಎಚ್.ಡಿ. ಪಡೆದರು. ಮದುವೆಯ ನಂತರ ಕಮಲಾ ಸೊಹೊನಿ ಎಂದು ಹೆಸರಾದರು. ಆದರೆ ಬೆಂಗಳೂರಿನಲ್ಲಿ ತಮ್ಮನ್ನು ನಡೆಸಿಕೊಂಡ ರೀತಿಯನ್ನು ಅವರು ಇಳಿವಯಸ್ಸಿನಲ್ಲೂ ಮರೆತಿರಲಿಲ್ಲ. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ಅನ್ಯಾಯದಿಂದ ನಷ್ಟವಾಗುವುದು ಒಬ್ಬ ವ್ಯಕ್ತಿಗೆ ಮಾತ್ರವಲ್ಲ. ಕಮಲಾ ಪಟ್ಟು ಹಿಡಿಯದೆ ಹಿಂದಿರುಗಿದ್ದರೆ ಸಂಸ್ಥೆಯೇ ಒಳ್ಳೆಯ ಸಂಶೋಧನೆಯನ್ನು ಕಳೆದುಕೊಳ್ಳುತ್ತಿತ್ತು. ಎರಡು, ಪಟ್ಟು ಹಿಡಿಯುವ ಧೈರ್ಯವಿಲ್ಲದೆ ಬಾಗಿಲಿನಿಂದಲೇ ಹಿಂದಿರುಗಿದವರು ಎಷ್ಟು ಮಂದಿ ಎಂಬ ಲೆಕ್ಕವನ್ನು ಯಾವ ದಾಖಲೆಯೂ ಇಡುವುದಿಲ್ಲ.

ಎರಡನೆಯ ಪ್ರಸಂಗ ಅಣ್ಣಾ ಮಣಿ ಅವರದು. ಅವರು ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳು ಬೆಳಕು ಸೂಸುವ ಬಗೆಯನ್ನು ಅಭ್ಯಸಿಸಿ, ಐದು ಪ್ರಬಂಧಗಳನ್ನು ಪ್ರಕಟಿಸಿ, 1945ರಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಆಗ ವಿಜ್ಞಾನ ಸಂಸ್ಥೆಯಲ್ಲಿ ಮಾಡಿದ ಕೆಲಸಕ್ಕೆ ಪದವಿ ಕೊಡಬೇಕಾಗಿದ್ದುದು ಮದರಾಸು ವಿಶ್ವವಿದ್ಯಾಲಯ. ಅಣ್ಣಾ ಮಣಿ ಬಿ.ಎಸ್ಸಿ. ಆನರ್ಸ್ ಓದಿದ್ದರು, ಎಂ.ಎಸ್ಸಿ. ಓದಿರಲಿಲ್ಲ. ನಿಯಮದ ಪ್ರಕಾರ ಎಂ.ಎಸ್ಸಿ. ಇಲ್ಲದವರಿಗೆ ಪಿಎಚ್.ಡಿ. ಇಲ್ಲ. ಮುಂದೆ ಇರುವ ಕೆಲಸ ಎಷ್ಟು ಗಟ್ಟಿಯಾದದ್ದು ಎಂಬುದು ಪರಿಗಣನೆಗೆ ಬರಲಿಲ್ಲ. ಅವರಿಗೆ ಆ ಪದವಿ ಕೊನೆಗೂ ಸಿಗಲಿಲ್ಲ. ಅವರು ಹವಾಮಾನ ಉಪಕರಣಗಳ ಕ್ಷೇತ್ರಕ್ಕೆ ಹೋಗಿ, ದೇಶಕ್ಕೆ ಬೇಕಾದ ಉಪಕರಣಗಳನ್ನು ದೇಶದಲ್ಲೇ ತಯಾರಿಸುವ ಕೆಲಸ ಕಟ್ಟಿ, ಭಾರತ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಇಲ್ಲಿ ನಿಯಮದಲ್ಲಿ ಪಕ್ಷಪಾತವಿತ್ತೆಂದು ಹೇಳಲಾಗದು. ಆದರೆ ನಿಯಮ ಯಾವ ಉದ್ದೇಶಕ್ಕೆ ಹುಟ್ಟಿತೋ ಆ ಉದ್ದೇಶವನ್ನು ನೋಡುವ ಕಣ್ಣು ಇರಲಿಲ್ಲ. ಸಂಶೋಧನೆ ಮಾಡಬಲ್ಲ ಸಾಮರ್ಥ್ಯವಿದೆಯೇ ಎಂದು ತಿಳಿಯಲು ಎಂ.ಎಸ್ಸಿ. ಕೇಳುತ್ತಾರೆ. ಸಾಮರ್ಥ್ಯ ಕಣ್ಣೆದುರಿಗೇ ಇದ್ದಾಗ?

ಮೂರನೆಯ ಪ್ರಸಂಗ ನಾಯಕತ್ವಕ್ಕೇ ಸಂಬಂಧಿಸಿದ್ದು. ರಾಮನ್ ಅವರು 1933ರಲ್ಲಿ ಆ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಭೌತಶಾಸ್ತ್ರ ವಿಭಾಗವನ್ನು ತೆರೆದರು, ಸಂಸ್ಥೆಯನ್ನು ಜಗತ್ತಿನ ಭೂಪಟದಲ್ಲಿ ತರಬೇಕೆಂದು ಹಟತೊಟ್ಟರು. ಆದರೆ ಭೌತಶಾಸ್ತ್ರಕ್ಕೆ ಹೆಚ್ಚು, ತಮಗೆ ಕಡಿಮೆ ಎಂಬ ಅಸಮಾಧಾನ ಇತರ ವಿಭಾಗಗಳಲ್ಲಿ ಬೆಳೆಯಿತು. ಸರ್ ಜೇಮ್ಸ್ ಅರ್ವಿನ್ ಅವರ ನೇತೃತ್ವದ ಪರಿಶೀಲನಾ ಸಮಿತಿ 1936ರಲ್ಲಿ ಸಂಸ್ಥೆಯ ಆಡಳಿತವನ್ನು ಟೀಕಿಸಿತು. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು. ಅವರ ವಿರುದ್ಧದ ದೂರುಗಳಲ್ಲಿ ಅಸೂಯೆಯೂ ಆ ಕಾಲದ ವಸಾಹತು ರಾಜಕೀಯವೂ ಸೇರಿದ್ದವು ಎಂದು ವಾದಿಸುವವರಿದ್ದಾರೆ. ಅದನ್ನು ತಳ್ಳಿಹಾಕಬೇಕಾಗಿಲ್ಲ. ಆದರೂ ಒಂದು ಪಾಠ ಉಳಿಯುತ್ತದೆ. ದೊಡ್ಡ ವಿಜ್ಞಾನಿಯಾಗುವುದು ಒಂದು ವಿದ್ಯೆ, ಹಲವು ಬಗೆಯ ಜನ ಒಟ್ಟಿಗೆ ಕೆಲಸ ಮಾಡುವ ಸಂಸ್ಥೆಯನ್ನು ನಡೆಸುವುದು ಇನ್ನೊಂದು ವಿದ್ಯೆ. ಮೊದಲನೆಯದು ಇದ್ದಾಕ್ಷಣ ಎರಡನೆಯದು ತಾನಾಗಿ ಬರುವುದಿಲ್ಲ.

ನ್ಯಾಯದ ಮೂರು ಮುಖಗಳು

ಕೆಲಸದ ಜಾಗದ ನ್ಯಾಯವನ್ನು ಮನಃಶಾಸ್ತ್ರಜ್ಞರು ಅರವತ್ತು ವರ್ಷಗಳಿಂದ ಕ್ರಮವಾಗಿ ಅಧ್ಯಯನ ಮಾಡುತ್ತಿದ್ದಾರೆ. ಅವರು ಕಂಡುಕೊಂಡದ್ದನ್ನು ಮೂರು ಭಾಗಗಳಲ್ಲಿ ಹೇಳಬಹುದು.

ಮೊದಲನೆಯದು ಹಂಚಿಕೆಯ ನ್ಯಾಯ. ಅಮೆರಿಕದ ಜಾನ್ ಸ್ಟೇಸಿ ಆಡಮ್ಸ್ 1963ರಲ್ಲಿ ಒಂದು ಸರಳ ವಿಚಾರವನ್ನು ಮಂಡಿಸಿದರು. ಮನುಷ್ಯ ತನಗೆ ಎಷ್ಟು ಸಿಕ್ಕಿತು ಎಂದು ಮಾತ್ರ ನೋಡುವುದಿಲ್ಲ. ತಾನು ಹಾಕಿದ ಶ್ರಮಕ್ಕೆ ಎಷ್ಟು ಸಿಕ್ಕಿತು, ಪಕ್ಕದವನು ಹಾಕಿದ ಶ್ರಮಕ್ಕೆ ಎಷ್ಟು ಸಿಕ್ಕಿತು ಎಂದು ಎರಡು ಅನುಪಾತಗಳನ್ನು ಹೋಲಿಸಿ ನೋಡುತ್ತಾನೆ. ಅನುಪಾತ ಏರುಪೇರಾದರೆ ಒಂದೋ ಹೆಚ್ಚು ಕೇಳುತ್ತಾನೆ, ಇಲ್ಲವೇ ಶ್ರಮ ಕಡಿಮೆ ಮಾಡುತ್ತಾನೆ, ಇಲ್ಲವೇ ಕೆಲಸ ಬಿಡುತ್ತಾನೆ. ನಮ್ಮ ಪಂಕ್ತಿಭೇದದ ಲೆಕ್ಕವೂ ಇದೇ.

ಎರಡನೆಯದು ವಿಧಾನದ ನ್ಯಾಯ. ಜಾನ್ ಥಿಬೋ ಎಂಬ ಮನಃಶಾಸ್ತ್ರಜ್ಞ ಮತ್ತು ಲಾರೆನ್ಸ್ ವಾಕರ್ ಎಂಬ ಕಾನೂನು ಪ್ರಾಧ್ಯಾಪಕ ನ್ಯಾಯಾಲಯದ ವಿಚಾರಣೆಗಳ ಮಾದರಿಯಲ್ಲಿ ಪ್ರಯೋಗ ನಡೆಸಿ 1975ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ತೀರ್ಪು ತಮಗೆ ವಿರುದ್ಧವಾಗಿ ಬಂದರೂ, ತಮ್ಮ ಮಾತನ್ನು ಹೇಳಿಕೊಳ್ಳಲು ಅವಕಾಶ ಸಿಕ್ಕಿದ್ದರೆ ಜನ ಅದನ್ನು ನ್ಯಾಯವೆಂದು ಒಪ್ಪುವುದು ಹೆಚ್ಚು ಎಂದು ತಿಳಿದುಬಂತು. ಜೆರಾಲ್ಡ್ ಲೆವೆಂತಾಲ್ 1980ರಲ್ಲಿ ನ್ಯಾಯವಾದ ವಿಧಾನಕ್ಕೆ ಆರು ಲಕ್ಷಣಗಳನ್ನು ಹೇಳಿದರು. ಅವನ್ನು ಹೀಗೆ ಬರೆದಿಟ್ಟುಕೊಳ್ಳಬಹುದು:

1. ಎಲ್ಲರಿಗೂ, ಎಲ್ಲ ಕಾಲಕ್ಕೂ ಒಂದೇ ನಿಯಮ ಇರಬೇಕು.
2. ತೀರ್ಮಾನಿಸುವವರ ಸ್ವಾರ್ಥ, ಪೂರ್ವಗ್ರಹ ಅದರಲ್ಲಿ ಸೇರಬಾರದು.
3. ತೀರ್ಮಾನ ಸರಿಯಾದ ಮಾಹಿತಿಯ ಮೇಲೆ ನಿಂತಿರಬೇಕು.
4. ತಪ್ಪಾದರೆ ತಿದ್ದಿಕೊಳ್ಳಲು ದಾರಿ ಇರಬೇಕು.
5. ಪರಿಣಾಮ ಅನುಭವಿಸುವ ಎಲ್ಲ ವರ್ಗದವರ ದನಿಯೂ ಕೇಳಿಸಬೇಕು.
6. ವಿಧಾನ ನೀತಿಗೆ ಹೊಂದಿಕೆಯಾಗಿರಬೇಕು.

ಈಗ ಅಣ್ಣಾ ಮಣಿ ಅವರ ಪ್ರಸಂಗವನ್ನು ಈ ಪಟ್ಟಿಯೊಡನೆ ಇಟ್ಟು ನೋಡಿ. ಮೊದಲ ಲಕ್ಷಣ ಅಲ್ಲಿತ್ತು. ಎಲ್ಲರಿಗೂ ಒಂದೇ ನಿಯಮ. ಆದರೆ ಮೂರನೆಯದು, ನಾಲ್ಕನೆಯದು ಇರಲಿಲ್ಲ. ಒಂದೇ ನಿಯಮ ಎಂಬುದಷ್ಟೇ ನ್ಯಾಯವಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಮೂರನೆಯದು ನಡವಳಿಕೆಯ ನ್ಯಾಯ. ರಾಬರ್ಟ್ ಬೈಸ್ ಮತ್ತು ಜೋಸೆಫ್ ಮೋಗ್ 1986ರಲ್ಲಿ ಇದನ್ನು ಪ್ರತ್ಯೇಕವಾಗಿ ಗುರುತಿಸಿದರು. ತೀರ್ಮಾನವನ್ನು ತಿಳಿಸುವಾಗ ಗೌರವದಿಂದ ಮಾತನಾಡಿದರೇ, ಕಾರಣವನ್ನು ನಿಜವಾಗಿ ಹೇಳಿದರೇ ಎಂಬುದು ಇದರ ವಿಷಯ. ಅನುಕಂಪ ಎದ್ದು ಕಾಣುವುದು ಇಲ್ಲಿಯೇ. ಇದರ ಮಹತ್ವವನ್ನು ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ತೋರಿಸಿತು. ಅಮೆರಿಕದ ಒಂದು ಕಂಪನಿ ಕಷ್ಟಕ್ಕೆ ಸಿಕ್ಕಿ, ತನ್ನ ಎರಡು ಕಾರ್ಖಾನೆಗಳಲ್ಲಿ ಹತ್ತು ವಾರ ಶೇಕಡಾ 15ರಷ್ಟು ಸಂಬಳ ಕಡಿತ ಮಾಡಿತು. ಒಂದು ಕಾರ್ಖಾನೆಯಲ್ಲಿ ಮೇಲಧಿಕಾರಿಗಳು ಸುಮಾರು ಒಂದೂವರೆ ಗಂಟೆ ಕೂತು, ಲೆಕ್ಕಪತ್ರ ತೋರಿಸಿ, ವಿಷಾದ ವ್ಯಕ್ತಪಡಿಸಿ, ಪ್ರಶ್ನೆಗಳಿಗೆ ಉತ್ತರಿಸಿದರು. ಇನ್ನೊಂದರಲ್ಲಿ ಹದಿನೈದು ನಿಮಿಷದಲ್ಲಿ ವಿಷಯ ಹೇಳಿ ಹೊರಟುಹೋದರು. ಕಡಿತ ಎರಡು ಕಡೆಯೂ ಒಂದೇ. ಎರಡು ಕಡೆಯೂ ಕಾರ್ಖಾನೆಯ ಸಾಮಾನು ಕಳುವಾಗುವುದು ಹೆಚ್ಚಿತು. ಆದರೆ ಕಾರಣ ಸರಿಯಾಗಿ ಹೇಳದ ಕಡೆ ಅದು ಬಹಳ ಹೆಚ್ಚಾಗಿತ್ತು. ಸಂಬಳ ಮೊದಲಿನಂತಾದಾಗ ಕಳುವೂ ಮೊದಲಿನ ಮಟ್ಟಕ್ಕೆ ಇಳಿಯಿತು. ಕಾರ್ಖಾನೆಯ ಮಾತು ಕಾಲೇಜಿಗೇಕೆ ಎಂದು ಕೇಳಬಹುದು. ಅಧ್ಯಾಪಕರು ಸಾಮಾನು ಕದಿಯುವುದಿಲ್ಲ ನಿಜ. ಆದರೆ ಮನಸ್ಸು ಮುರಿದಾಗ ಪಾಠದ ತಯಾರಿ, ವಿದ್ಯಾರ್ಥಿಗೆ ಕೊಡುವ ಹೆಚ್ಚಿನ ಹೊತ್ತು, ಹೊಸದನ್ನು ಮಾಡುವ ಹುಮ್ಮಸ್ಸು ಇವು ಸದ್ದಿಲ್ಲದೆ ಕಡಿಮೆಯಾಗುತ್ತವೆ. ಅದು ಯಾವ ದಾಸ್ತಾನು ಪುಸ್ತಕದಲ್ಲೂ ಕಾಣುವುದಿಲ್ಲ.

ಟೇಪು ಹಿಡಿದು ಅಳೆದ ಪ್ರಾಧ್ಯಾಪಕಿ

ಈ ಮೂರು ಮುಖಗಳೂ ಒಂದೇ ಕಡೆ ಕಾಣುವ ಉದಾಹರಣೆ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯದು. ಎಂ.ಐ.ಟಿ. ಎಂದು ಪ್ರಸಿದ್ಧವಾದ ಈ ಸಂಸ್ಥೆಯಲ್ಲಿ ನ್ಯಾನ್ಸಿ ಹಾಪ್ಕಿನ್ಸ್ ಎಂಬ ಜೀವಶಾಸ್ತ್ರಜ್ಞೆ 1973ರಿಂದ ಕೆಲಸ ಮಾಡುತ್ತಿದ್ದರು. ಜೀಬ್ರಾ ಮೀನುಗಳ ಮೇಲೆ ಹೊಸ ಸಂಶೋಧನೆ ಆರಂಭಿಸಿದಾಗ ಮೀನಿನ ತೊಟ್ಟಿಗಳನ್ನು ಇಡಲು ಅವರಿಗೆ ಇನ್ನೂ 200 ಚದರ ಅಡಿ ಜಾಗ ಬೇಕಾಯಿತು. ಕೇಳಿದರೆ ಇಲ್ಲವೆಂಬ ಉತ್ತರ ಬಂತು. ತಮಗಿರುವ ಜಾಗ ಇತರರಿಗಿಂತ ಕಡಿಮೆ ಎಂದು ಹೇಳಿದರೆ ಯಾರೂ ನಂಬಲಿಲ್ಲ. ಆಗ ಅವರು ರಾತ್ರಿಯ ಹೊತ್ತು ಟೇಪು ಹಿಡಿದು ಕಟ್ಟಡದ ಪ್ರಯೋಗಾಲಯಗಳನ್ನು ಒಂದೊಂದಾಗಿ ಅಳೆದರು. ಅವರಿಗಿದ್ದದ್ದು ಸುಮಾರು 1,500 ಚದರ ಅಡಿ. ಅವರಷ್ಟೇ ಹಿರಿಯರಾದ ಪುರುಷ ಪ್ರಾಧ್ಯಾಪಕರಿಗೆ ಸುಮಾರು 3,000. ಆಗತಾನೇ ಸೇರಿದ ಕಿರಿಯರಿಗೂ ಸುಮಾರು 2,000.

ಹಾಪ್ಕಿನ್ಸ್ ಸಂಸ್ಥೆಯ ಅಧ್ಯಕ್ಷರಿಗೆ ಒಂದು ಪತ್ರ ಬರೆದರು. ಕಳುಹಿಸುವ ಮೊದಲು ಅದನ್ನು ಒಬ್ಬ ಹಿರಿಯ ಸಹೋದ್ಯೋಗಿನಿಗೆ ತೋರಿಸಿದರು. ‘ನಿನ್ನ ಕೆಲಸವೇ ಅಷ್ಟಕ್ಕಷ್ಟೆ, ಅದಕ್ಕೇ ಹೀಗೆ’ ಎಂದು ಆಕೆ ಭಾವಿಸಿಯಾರು ಎಂಬ ಅಳುಕು ಅವರಲ್ಲಿತ್ತು. ಆದರೆ ಓದಿ ಮುಗಿಸಿದ ಆಕೆ ತಾವೂ ಸಹಿ ಹಾಕುವುದಾಗಿ ಹೇಳಿದರು. ಇಬ್ಬರೂ ಸೇರಿ ಇತರ ಮಹಿಳಾ ಪ್ರಾಧ್ಯಾಪಕರನ್ನು ಹುಡುಕಿ ಹೊರಟರು. ವಿಜ್ಞಾನ ನಿಕಾಯದ ಆರು ವಿಭಾಗಗಳಲ್ಲಿ ಖಾಯಂ ಹುದ್ದೆಯ ಪುರುಷರು 194 ಮಂದಿಯಿದ್ದರೆ ಮಹಿಳೆಯರು ಕೇವಲ 15. ಒಬ್ಬೊಬ್ಬರೂ ಅದುವರೆಗೆ ತಮ್ಮ ಕಷ್ಟ ತಮ್ಮೊಬ್ಬರದೇ ಎಂದು ಭಾವಿಸಿದ್ದರು. 1994ರ ಬೇಸಿಗೆಯಲ್ಲಿ 16 ಮಂದಿ ಮಹಿಳೆಯರು ನಿಕಾಯದ ಡೀನ್ ರಾಬರ್ಟ್ ಬರ್ಜೆನೊ ಅವರ ಮುಂದೆ ತಮ್ಮ ಮನವಿ ಇಟ್ಟರು. ನೆರೆಯ ನಿಕಾಯದ ಮಹಿಳೆಯರೂ ಅವರ ಜೊತೆಗಿದ್ದರು.

ಇಲ್ಲಿಂದ ಮುಂದೆ ನಡೆದದ್ದೇ ನಮ್ಮ ವಿಷಯದ ಹೃದಯ. ಡೀನ್ ಅವರು ಮನವಿಯನ್ನು ಕಡತಕ್ಕೆ ಸೇರಿಸಿ ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಅವರ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಇದು ಅನುಕಂಪ. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಕೆಲವು ವಿಭಾಗ ಮುಖ್ಯಸ್ಥರ ವಿರೋಧವಿದ್ದರೂ, ಸಂಸ್ಥೆಯ ಅಧ್ಯಕ್ಷ ಚಾರ್ಲ್ಸ್ ವೆಸ್ಟ್ ಅವರ ಬೆಂಬಲದೊಡನೆ ಒಂದು ಸಮಿತಿ ನೇಮಿಸಿದರು. ಮಹಿಳೆಯರೇ ಇಲ್ಲದ ಗಣಿತ ವಿಭಾಗವೊಂದನ್ನು ಬಿಟ್ಟು ಪ್ರತಿ ವಿಭಾಗದ ಒಬ್ಬ ಮಹಿಳೆ, ಜೊತೆಗೆ ಹಿರಿಯ ಪುರುಷ ಪ್ರಾಧ್ಯಾಪಕರು ಅದರ ಸದಸ್ಯರು. ಸಂಬಳ, ಜಾಗ, ಸಂಶೋಧನೆಗೆ ಸಂಸ್ಥೆ ಕೊಡುವ ಹಣ, ಸಮಿತಿಗಳಲ್ಲಿ ಸ್ಥಾನ ಇವುಗಳ ಮಾಹಿತಿಯನ್ನು ಸಮಿತಿ ಸಂಗ್ರಹಿಸಿತು. ಅಂದರೆ ಕೇಳಿಸಿಕೊಂಡ ನೋವನ್ನು ಅಳತೆಗೆ ಒಳಪಡಿಸಲಾಯಿತು. ವರದಿ ಮುಗಿಯುವವರೆಗೆ ಕಾಯದೆ, ಕಂಡುಬಂದ ಕೊರತೆಗಳನ್ನು ಆಗಾಗಲೇ ಸರಿಪಡಿಸುತ್ತಾ ಹೋದರು.

1999ರ ಮಾರ್ಚಿನಲ್ಲಿ ವರದಿಯ ಸಾರಾಂಶ ಪ್ರಕಟವಾಯಿತು. ಅದು ಕಂಡುಕೊಂಡ ಒಂದು ಸಂಗತಿ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದದ್ದು. ಕಿರಿಯ ಮಹಿಳಾ ಅಧ್ಯಾಪಕರಿಗೆ ತಾರತಮ್ಯದ ಅನುಭವವೇ ಇರಲಿಲ್ಲ. ಆ ಸಮಸ್ಯೆ ಹಿಂದಿನ ತಲೆಮಾರಿನಲ್ಲೇ ಬಗೆಹರಿದಿದೆ ಎಂದು ಅವರು ನಂಬಿದ್ದರು. ಹಿರಿಯರಾಗುತ್ತ ಹೋದಂತೆ, ಮುಖ್ಯ ತೀರ್ಮಾನಗಳ ಕೂಟದಿಂದ ತಾವು ಹೊರಗುಳಿಯುತ್ತಿರುವುದು ನಿಧಾನವಾಗಿ ಅವರ ಅರಿವಿಗೆ ಬರುತ್ತಿತ್ತು. ಯಾರೂ ಬಾಯಿಬಿಟ್ಟು ಅವಮಾನ ಮಾಡಿರಲಿಲ್ಲ. ಸಣ್ಣ ಸಣ್ಣ ಕೊರತೆಗಳು ವರ್ಷಗಟ್ಟಲೆ ಕೂಡಿ ದೊಡ್ಡದಾಗಿದ್ದವು. ತಾರತಮ್ಯ ಭಾಗಶಃ ವಾಸ್ತವ, ಭಾಗಶಃ ಅನಿಸಿಕೆ ಎಂದು ತಾವು ಭಾವಿಸಿದ್ದಾಗಿಯೂ, ವಾಸ್ತವದ ಪಾಲೇ ಬಹಳ ದೊಡ್ಡದೆಂದು ಈಗ ತಿಳಿಯಿತೆಂದೂ ಅಧ್ಯಕ್ಷ ವೆಸ್ಟ್ ಆ ವರದಿಗೆ ಬರೆದ ಮಾತಿನಲ್ಲಿ ಒಪ್ಪಿಕೊಂಡರು. ಒಂದು ಪ್ರಸಿದ್ಧ ಸಂಸ್ಥೆಯ ಮುಖ್ಯಸ್ಥ ಹೀಗೆ ಬಹಿರಂಗವಾಗಿ ಹೇಳಿದ್ದು ಜಗತ್ತಿನ ಗಮನ ಸೆಳೆಯಿತು. ವರದಿಗೆ ಟೀಕೆಯೂ ಬಂತು. ವೈಯಕ್ತಿಕ ವಿವರಗಳ ಗೋಪ್ಯತೆಗಾಗಿ ಅಂಕಿ ಅಂಶಗಳನ್ನು ಪೂರ್ತಿಯಾಗಿ ಪ್ರಕಟಿಸದಿದ್ದುದನ್ನು ಕೆಲವರು ಆಕ್ಷೇಪಿಸಿದರು. ಆದರೂ 2001ರ ಜನವರಿಯಲ್ಲಿ ಒಂಬತ್ತು ಪ್ರಮುಖ ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಅಲ್ಲಿ ಸೇರಿ ಇದೇ ವಿಷಯ ಚರ್ಚಿಸಿದರು. 2011ರ ಹೊತ್ತಿಗೆ ಅಲ್ಲಿನ ವಿಜ್ಞಾನ ನಿಕಾಯದ ಮಹಿಳಾ ಅಧ್ಯಾಪಕರ ಸಂಖ್ಯೆ 1999ರಲ್ಲಿ ಇದ್ದುದಕ್ಕಿಂತ ಸುಮಾರು ದುಪ್ಪಟ್ಟಾಗಿತ್ತು.

ಹಾಪ್ಕಿನ್ಸ್ ಅವರ ಮೀನುಗಳ ಕಥೆ ಏನಾಯಿತು? ಜಾಗ ಸಿಕ್ಕಿತು. ಬೆನ್ನೆಲುಬಿರುವ ಪ್ರಾಣಿಯ ಭ್ರೂಣ ಬೆಳೆಯಲು ಅಗತ್ಯವಾದ ನೂರಾರು ಜೀನುಗಳನ್ನು ಅವರ ತಂಡ ಗುರುತಿಸಿತು. 2004ರಲ್ಲಿ ಅವರು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಚುನಾಯಿತರಾದರು. ನ್ಯಾಯ ಸಿಕ್ಕಿದ್ದರಿಂದ ಸಂಸ್ಥೆಗೆ ಲಾಭವೇ ಆಯಿತು.

ನ್ಯಾಯಕ್ಕೂ ಸಾಧನೆಗೂ ಏನು ಸಂಬಂಧ?

ಈಗ ನಾವು ಆರಂಭದ ಪ್ರಶ್ನೆಗೆ ಉತ್ತರ ಕೊಡಬಹುದು. ವಿಶ್ವವಿದ್ಯಾಲಯದ ಕೆಲಸ ಯಂತ್ರದ ಕೆಲಸದಂತಲ್ಲ. ಒಬ್ಬ ಅಧ್ಯಾಪಕ ಗಂಟೆ ಹೊಡೆದಾಗ ತರಗತಿಗೆ ಹೋದನೇ ಎಂದು ಹಾಜರಿ ಪುಸ್ತಕ ಹೇಳುತ್ತದೆ. ಅವನು ಮನಸ್ಸಿಟ್ಟು ಪಾಠ ಮಾಡಿದನೇ ಎಂದು ಹೇಳುವುದಿಲ್ಲ. ಮನಸ್ಸಿಡುವುದು ಅವನ ಇಚ್ಛೆಗೆ ಸೇರಿದ್ದು. ನ್ಯಾಯವಿದೆ ಎಂಬ ನಂಬಿಕೆ ಇದ್ದಲ್ಲಿ ಆ ಇಚ್ಛೆ ಬೆಳೆಯುತ್ತದೆ. ಎರಡನೆಯದಾಗಿ, ಸಂಶೋಧನೆ ಎಂದರೆ ತಪ್ಪುಗಳನ್ನು ಒಪ್ಪಿ ತಿದ್ದಿಕೊಳ್ಳುವುದು. ಬಾಯಿ ಬಿಟ್ಟರೆ ಶಿಕ್ಷೆ ಎಂಬ ಕಡೆ ಪ್ರಯೋಗಾಲಯದ ಸಹಾಯಕ ಉಪಕರಣದ ದೋಷವನ್ನೂ ಹೇಳುವುದಿಲ್ಲ, ಸಂಶೋಧನಾ ವಿದ್ಯಾರ್ಥಿ ತನಗೆ ಬಂದ ಸಂದೇಹವನ್ನೂ ಹೇಳುವುದಿಲ್ಲ. ಮೂರನೆಯದಾಗಿ, ಅನ್ಯಾಯವಾದಾಗ ಮೊದಲು ಹೊರಟುಹೋಗುವವರು ಬೇರೆ ಕಡೆ ಅವಕಾಶವಿರುವ ಸಮರ್ಥರು. ಸಂಸ್ಥೆ ಬಡವಾಗುವುದು ಹೀಗೆ, ಯಾರ ಗಮನಕ್ಕೂ ಬಾರದಂತೆ.

ಅನುಕಂಪಕ್ಕೂ ಕಣ್ಣು ಬೇಕು

ಹಾಗಾದರೆ ನಾಯಕನಿಗೆ ಒಳ್ಳೆಯ ಮನಸ್ಸಿದ್ದರೆ ಸಾಕೆ? ಸಾಲದು. ಅನುಕಂಪ ನಮಗೆ ಹತ್ತಿರದವರ ಮೇಲೆ ಬೇಗ ಹುಟ್ಟುತ್ತದೆ. ಬಡಿಸುವವರು ನಮ್ಮವರಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎಂಬ ಗಾದೆ ಹುಟ್ಟಿದ್ದೇ ಇದರಿಂದ. ಮನಃಶಾಸ್ತ್ರಜ್ಞ ಪಾಲ್ ಬ್ಲೂಮ್ ತಮ್ಮ 2016ರ ಪುಸ್ತಕದಲ್ಲಿ ಅನುಕಂಪವನ್ನು ನಾಟಕದ ರಂಗದ ಮೇಲೆ ಒಬ್ಬ ನಟನ ಮೇಲೆ ಬೀಳುವ ಬೆಳಕಿಗೆ ಹೋಲಿಸುತ್ತಾರೆ. ಬೆಳಕು ಬಿದ್ದವನು ಚೆನ್ನಾಗಿ ಕಾಣುತ್ತಾನೆ, ಪಕ್ಕದಲ್ಲಿ ನಿಂತವನು ಕತ್ತಲಲ್ಲಿ ಉಳಿಯುತ್ತಾನೆ. ಪ್ರಾಂಶುಪಾಲರ ಕೊಠಡಿಗೆ ಹೋಗಿ ಕಷ್ಟ ಹೇಳಿಕೊಳ್ಳಬಲ್ಲವನಿಗೆ ರಜೆ ಸಿಕ್ಕಿತು. ಸಂಕೋಚದಿಂದ ಹೊರಗೇ ನಿಂತವನಿಗೆ ಸಿಗಲಿಲ್ಲ. ಇದು ಅನುಕಂಪವೇ, ಆದರೆ ನ್ಯಾಯವಲ್ಲ.

ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ಸರ್ಕಾರಿ ನೌಕರ ಸೇವೆಯಲ್ಲಿರುವಾಗ ತೀರಿಕೊಂಡರೆ ಅವನ ಕುಟುಂಬದ ಒಬ್ಬರಿಗೆ ‘ಅನುಕಂಪದ ಆಧಾರದ ಮೇಲೆ’ ಕೆಲಸ ಕೊಡುವ ನಿಯಮಗಳು 1996ರಲ್ಲಿ ಜಾರಿಗೆ ಬಂದವು. ಅನುಕಂಪವನ್ನೇ ನಿಯಮವಾಗಿಸಿದ್ದು ಒಳ್ಳೆಯ ಕ್ರಮ. ಅಧಿಕಾರಿಯ ಮರ್ಜಿಗೆ ಬಿಡಲಿಲ್ಲ. ಆದರೆ ಮಗನಿಗೆ ಮದುವೆಯಾಗಿದ್ದರೂ ಕೆಲಸ ಕೇಳಬಹುದಾಗಿತ್ತು, ಮದುವೆಯಾದ ಮಗಳು ಕೇಳುವಂತಿರಲಿಲ್ಲ. ತಂದೆ ತಾಯಿಯ ಜವಾಬ್ದಾರಿ ಹೊತ್ತ ಮಗಳಿಗೂ ಬಾಗಿಲು ಮುಚ್ಚಿತ್ತು. 2020ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಇದು ಸಮಾನತೆಗೆ ವಿರುದ್ಧವೆಂದು ತೀರ್ಪಿತ್ತಿತು. 2021ರಲ್ಲಿ ಸರ್ಕಾರ ನಿಯಮ ತಿದ್ದಿತು. ಅನುಕಂಪಕ್ಕೆ ನ್ಯಾಯದ ಕಣ್ಣು ಬೇಕು, ನ್ಯಾಯಕ್ಕೆ ಅನುಕಂಪದ ಕಿವಿ ಬೇಕು.

ನಮ್ಮ ಸಿಬ್ಬಂದಿ ಕೊಠಡಿಯಲ್ಲಿ

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುವ ವಿದ್ಯಾರ್ಥಿಗಳಿಗೆ ಇನ್ನೊಂದು ಉದಾಹರಣೆ ದಿನವೂ ಕಣ್ಣಿಗೆ ಬೀಳುತ್ತದೆ. ಒಂದೇ ಪಠ್ಯಕ್ರಮ, ಒಂದೇ ತರಗತಿ, ಒಂದೇ ಕರಿಹಲಗೆ. ಮೊದಲ ಪೀರಿಯಡ್ ಖಾಯಂ ಅಧ್ಯಾಪಕರದು, ಎರಡನೆಯದು ಅತಿಥಿ ಉಪನ್ಯಾಸಕರದು. ಸಂಬಳದಲ್ಲಿ, ರಜೆಯಲ್ಲಿ, ಮುಂದಿನ ವರ್ಷ ಕೆಲಸ ಉಂಟೋ ಇಲ್ಲವೋ ಎಂಬ ಭರವಸೆಯಲ್ಲಿ ಇಬ್ಬರ ನಡುವೆ ಬಹಳ ಅಂತರ. ಆಡಮ್ಸ್ ಹೇಳಿದ ಅನುಪಾತವನ್ನು ಇಲ್ಲಿ ಯಾರೂ ವಿವರಿಸಿ ಹೇಳಬೇಕಾಗಿಲ್ಲ. 2021ರ ಕೊನೆಯಲ್ಲಿ, ಮತ್ತೆ 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ತರಗತಿ ಬಿಟ್ಟು ಮುಷ್ಕರ ಹೂಡಿದರು. ಎರಡು ಸಲವೂ ಸರ್ಕಾರ ಗೌರವಧನ ಹೆಚ್ಚಿಸಿತು. ಸೇವಾ ಭದ್ರತೆ ಬೇಕೆಂಬುದು ಅವರ ಮುಖ್ಯ ಬೇಡಿಕೆಯಾಗಿತ್ತು. ಈ ದಿನಗಳಲ್ಲಿ ಪಾಠವಿಲ್ಲದೆ ಕೂತವರು ವಿದ್ಯಾರ್ಥಿಗಳು ಎಂಬುದನ್ನು ಮರೆಯುವಂತಿಲ್ಲ. ಅಧ್ಯಾಪಕರಿಗಾದ ಅನ್ಯಾಯದ ಬೆಲೆಯಲ್ಲಿ ಒಂದು ಪಾಲನ್ನು ವಿದ್ಯಾರ್ಥಿಯೂ ತೆರುತ್ತಾನೆ.

ಸಂಬಳ ನಿರ್ಧರಿಸುವುದು ಪ್ರಾಂಶುಪಾಲರ ಕೈಯಲ್ಲಿಲ್ಲ. ಆದರೆ ನ್ಯಾಯದ ಉಳಿದ ಎರಡು ಮುಖಗಳು ಅವರ ಕೈಯಲ್ಲೂ ಇವೆ. ವೇಳಾಪಟ್ಟಿ ಮಾಡುವಾಗ ಅತಿಥಿ ಉಪನ್ಯಾಸಕರನ್ನು ಒಂದು ಮಾತು ಕೇಳಬಹುದು. ಗೌರವಧನದ ಬಿಲ್ಲನ್ನು ತಡವಿಲ್ಲದೆ ಕಳಿಸಬಹುದು. ಸಭೆಗೆ ಕರೆಯಬಹುದು, ಕುಳಿತುಕೊಳ್ಳಲು ಮೇಜು ಕುರ್ಚಿ ಕೊಡಬಹುದು. ಇದಕ್ಕೆ ಸರ್ಕಾರದ ಆದೇಶ ಬೇಕಾಗಿಲ್ಲ.

ವಿದ್ಯಾರ್ಥಿಗಳ ಕೈಯಲ್ಲೂ ಸಾಧನಗಳಿವೆ. 2023ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ತಂದ ನಿಯಮಗಳ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಅವರಿಗೆ ಮೇಲ್ಮನವಿ ಸಲ್ಲಿಸಬಹುದು. ನಿಮ್ಮ ಕಾಲೇಜಿನಲ್ಲಿ ಆ ಸಮಿತಿಯಲ್ಲಿ ಯಾರಿದ್ದಾರೆ ಎಂದು ಸೂಚನಾ ಫಲಕದಲ್ಲಿ ನೋಡಿ. ಇನ್ನೊಂದು ಮಾತು. ನೀವೂ ಈಗಾಗಲೇ ನಾಯಕರೇ. ತರಗತಿಯ ಪ್ರತಿನಿಧಿಯಾಗಿ, ಎನ್.ಎಸ್.ಎಸ್. ಶಿಬಿರದ ತಂಡದ ಮುಖ್ಯಸ್ಥರಾಗಿ, ಕಾಲೇಜು ವಾರ್ಷಿಕೋತ್ಸವದ ಸಂಘಟಕರಾಗಿ ಕೆಲಸ ಹಂಚುತ್ತೀರಿ. ವೇದಿಕೆಯ ಮೇಲೆ ಹಾಡುವ ಅವಕಾಶ ಯಾರಿಗೆ, ಕುರ್ಚಿ ಹೊರುವ ಕೆಲಸ ಯಾರಿಗೆ? ಪ್ರತಿ ಸಲವೂ ಅದೇ ಹುಡುಗರಿಗೇ ಕುರ್ಚಿ ಹೊರುವ ಸರದಿ ಬರುತ್ತಿದ್ದರೆ, ಒಮ್ಮೆ ನಿಂತು ಟೇಪು ಹಿಡಿದು ಅಳೆಯುವುದು ಒಳ್ಳೆಯದು.

ಚರ್ಚೆಗ��� ಪ್ರಶ್ನೆಗಳು

1. ಅಣ್ಣಾ ಮಣಿ ಅವರ ಪ್ರಸಂಗದಲ್ಲಿ ನೀವು ಕುಲಪತಿಯಾಗಿದ್ದರೆ, ನಿಯಮವನ್ನು ಮುರಿಯದೆ ಏನು ಮಾಡಬಹುದಾಗಿತ್ತು?
2. ಒಳ್ಳೆಯ ತೀರ್ಮಾನವನ್ನು ಒರಟಾಗಿ ಹೇಳುವುದು, ಕಷ್ಟದ ತೀರ್ಮಾನವನ್ನು ಗೌರವದಿಂದ ಹೇಳುವುದು. ಇವೆರಡರಲ್ಲಿ ಯಾವುದು ಹೆಚ್ಚು ನೋವು ಕೊಡುತ್ತದೆ? ನಿಮ್ಮ ಅನುಭವದಿಂದ ಉದಾಹರಣೆ ಕೊಡಿ.
3. ಹಾಜರಾತಿ ಕಡಿಮೆಯಾದ ವಿದ್ಯಾರ್ಥಿಗೆ ಪರೀಕ್ಷೆಗೆ ಅವಕಾಶ ಕೊಡಬೇಕೆ? ಲೆವೆಂತಾಲ್ ಅವರ ಆರು ಲಕ್ಷಣಗಳನ್ನು ಒಂದೊಂದಾಗಿ ಅನ್ವಯಿಸಿ, ಎರಡು ಗುಂಪುಗಳಾಗಿ ವಾದಿಸಿ.
4. ನಿಮ್ಮ ಕಾಲೇಜಿನಲ್ಲಿ ಟೇಪು ಹಿಡಿದು ಅಳೆಯಬಹುದಾದ ಒಂದು ಅಸಮಾನತೆಯನ್ನು ಗುರುತಿಸಿ. ಅದನ್ನು ಯಾರ ಮುಂದೆ, ಯಾವ ರೀತಿಯಲ್ಲಿ ಇಡುತ್ತೀರಿ?